ಇ-ಕಾರಿನ ಕೊಟೇಶನ್ ಓದುವುದು ಹೇಗೆ?

ಬಳ್ಳಾರಿ ಶೋರೂಮುಗಳಲ್ಲಿ ಇ-ಕಾರು ನೋಡಲು ಬಂದವರ ಮೊದಲ ಮಾತು, "ಸಬ್ಸಿಡಿ ಎಷ್ಟು ಬರ್ತದ್ರೀ?" ಸ್ವಂತ ಕಾರಿಗೆ ಕೇಂದ್ರದ ಸಬ್ಸಿಡಿ ಇಲ್ಲ. ಇ-ವಾಹನಕ್ಕೆಂದು ಕೇಂದ್ರ 2024ರಲ್ಲಿ ತಂದ ಪಿಎಂ ಇ-ಡ್ರೈವ್ ಸಬ್ಸಿಡಿ ಯೋಜನೆಯಲ್ಲಿ ಬೈಕು, ಆಟೊ, ಬಸ್ಸು, ಲಾರಿ ಸೇರಿದ್ದವು, ಕಾರು ಸೇರಲಿಲ್ಲ. ಹಿಂದಿನ ಫೇಮ್-2ರಲ್ಲೂ ಬಾಡಿಗೆ ಕಾರಿಗಷ್ಟೇ ಇತ್ತು. ನಮಗೆ ಸಿಗುವುದು ತೆರಿಗೆ ರಿಯಾಯಿತಿ ಮಾತ್ರ.

ಹಂತ 1: ಒಂದು ಪೆಟ್ರೋಲ್ ಕಾರು, ಒಂದು ಇ-ಕಾರು, ಎರಡರ ಆನ್-ರೋಡ್ (ರೋಡ್ ಟ್ಯಾಕ್ಸ್, ವಿಮೆ ಎಲ್ಲ ಸೇರಿದ) ಕೊಟೇಶನ್ ಬರೆಸಿಕೊಳ್ಳಿ. ಬಾಯಿಲೆಕ್ಕ ಬೇಡ.

ಹಂತ 2: ಎಲ್ಲರೂ ಎಡವುವುದು ಇಲ್ಲೇ. ಇ-ಕಾರಿನ ಜಿಎಸ್‌ಟಿ 2019ರ ಆಗಸ್ಟ್‌ನಿಂದ ಶೇ 5. ಅದು ಎಕ್ಸ್-ಶೋರೂಮ್ (ರೋಡ್ ಟ್ಯಾಕ್ಸ್, ವಿಮೆ ಸೇರುವ ಮುಂಚಿನ) ಬೆಲೆಯೊಳಗೇ ಇದೆ, ಮತ್ತೆ ಕಳೆಯಬೇಡಿ. ಯೂಟ್ಯೂಬಿನ ಹಳೆ ಲೆಕ್ಕಗಳನ್ನೂ ನಂಬಬೇಡಿ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರಿನ ಜಿಎಸ್‌ಟಿ ಶೇ 18ಕ್ಕೆ ಇಳಿದು, ಅಂತರ ಕಡಿಮೆಯಾಗಿದೆ.

ನಿಜವಾದ ಉಳಿತಾಯ ರೋಡ್ ಟ್ಯಾಕ್ಸಿನಲ್ಲಿ. 12 ಲಕ್ಷದ ಪೆಟ್ರೋಲ್ ಕಾರು ಎಂದುಕೊಳ್ಳಿ. ಶೇ 17ರಂತೆ 2.04 ಲಕ್ಷ, ಆ ತೆರಿಗೆಯ ಮೇಲೆ ಶೇ 11 ಸೆಸ್. ಒಟ್ಟು ಸುಮಾರು 2.26 ಲಕ್ಷ. ರಾಜ್ಯದ ವಾಹನ ತೆರಿಗೆ ಕಾಯ್ದೆಯ 2024ರ ತಿದ್ದುಪಡಿ ಶೇ 10 ತೆರಿಗೆ ಹಾಕಿದ್ದು 25 ಲಕ್ಷ ಮೀರಿದ ಇ-ಕಾರಿಗೆ, ಅದಕ್ಕಿಂತ ಕೆಳಗಿನವಕ್ಕೆ ವಿನಾಯಿತಿ ಉಳಿಸಿತು. ಅಂದರೆ ವಿನಾಯಿತಿ ಇದ್ದರೆ 14 ಲಕ್ಷದ ಇ-ಕಾರು ಈ ಪೆಟ್ರೋಲ್ ಕಾರಿಗೆ ಹೆಚ್ಚುಕಮ್ಮಿ ಸಮ. ಆದರೆ ತೆರಿಗೆ ಕಟ್ಟುವುದು ನೋಂದಣಿ ವೇಳೆ, ಬುಕಿಂಗ್ ವೇಳೆ ಅಲ್ಲ. ಹಣ ಕೊಡುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ಈಗಿನ ದರ ಕೇಳಿಬಿಡಿ. ಕೊಟೇಶನ್‌ನಲ್ಲಿ 'ಹ್ಯಾಂಡ್ಲಿಂಗ್ ಚಾರ್ಜ್' ಅಂತಿದ್ದರೆ ಹೊಡೆದುಹಾಕಿಸಿ. ಅದು ಯಾವ ಸರ್ಕಾರದ ಶುಲ್ಕವೂ ಅಲ್ಲ.

ಹಂತ 3: "ಸಾಲದ ಬಡ್ಡಿಗೆ ಆದಾಯ ತೆರಿಗೆಯಲ್ಲಿ ಒಂದೂವರೆ ಲಕ್ಷ ಕಡಿತ" ಎಂದು ಆಸೆ ತೋರಿಸಿದರೆ ತಲೆಯಾಡಿಸಬೇಡಿ. 80ಇಇಬಿ ಕಲಂ 2023ರ ಮಾರ್ಚ್ 31ರೊಳಗೆ ಮಂಜೂರಾದ ಸಾಲಕ್ಕೆ ಮಾತ್ರ.

ಹಂತ 4: ಗೃಹಜ್ಯೋತಿ ಇರುವವರು ಕರೆಂಟ್ ಬಿಲ್ ನೋಡಿಕೊಳ್ಳಿ. ತಿಂಗಳಿಗೆ 1,000 ಕಿ.ಮೀ. ಓಡಿಸಿದರೆ ಸುಮಾರು 150 ಯೂನಿಟ್ ಬೇಕು. ನಮ್ಮ ಬೇಸಿಗೆಯಲ್ಲಿ ಎಸಿ ಹಾಕದೆ ಓಡಿಸುವವರು ಯಾರು? ಇನ್ನೂ ಜಾಸ್ತಿಯೇ ಆಗುತ್ತದೆ. ಮನೆ ಬಳಕೆಯೂ ಸೇರಿ 200 ದಾಟಿದರೆ ಆ ತಿಂಗಳ ಬಿಲ್ಲು ಪೂರ್ತಿ ನಿಮ್ಮದೇ. ಒಂದು ಸರ್ಕಾರಿ ಸವಲತ್ತು ಇನ್ನೊಂದನ್ನು ನುಂಗುವುದು ಹೀಗೆ. ಚಾರ್ಜಿಂಗ್‌ಗೆ ಬೇರೆ ಮೀಟರ್ ಸಿಗುತ್ತದಾ ಎಂದು ಜೆಸ್ಕಾಂ ಕಚೇರಿಯಲ್ಲಿ ಮೊದಲೇ ವಿಚಾರಿಸಿ. ಎಕ್ಸ್‌ಟೆನ್ಷನ್ ಬಾಕ್ಸಿನಲ್ಲಿ ಚಾರ್ಜ್ ಮಾಡುವುದು ಮಾತ್ರ ಬೇಡವೇ ಬೇಡ.

ಹಂತ 5: ವಿಮೆಯಲ್ಲಿ ಥರ್ಡ್ ಪಾರ್ಟಿ ಕಂತಿಗೆ ಶೇ 15 ರಿಯಾಯಿತಿ ಹಾಕಿದ್ದಾರಾ ನೋಡಿ, ಸಹಿ ಮಾಡಿ.