ಇಳಕಲ್ ಕೊಂಡಿಯಿಂದ ಒಂದು ಗೋಡೆಚಿತ್ರ

ಇಳಕಲ್ ಸೀರೆಯ ಸೆರಗಿನ ತೆನೆ ವಿನ್ಯಾಸವನ್ನು ಕ್ಯಾನ್ವಾಸ್ ಮೇಲೆ ಹಾಗೇ ಬರೆದು ಅದನ್ನು ಮಾಡರ್ನ್ ಆರ್ಟ್ ಅಂದರೆ ನಾನು ಒಪ್ಪುವುದಿಲ್ಲ. ನನ್ನ ಕಣ್ಣು ಹೋಗುವುದು ಕೊಂಡಿಯ ಕಡೆ. ಆ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಉದ್ದಕ್ಕೆ ಹೋಗುವ ಎಳೆಗಳು, ಬೇರೆ; ಸೆರಗಿನ ಹಾಸು ಬೇರೆ. ಎಳೆಗೆ ಎಳೆ ಕೊಂಡಿ ಹಾಕಿ ಎರಡನ್ನೂ ಸೇರಿಸುತ್ತಾರೆ. ಸೆರಗಿನ ಕೆಂಪು ಥಟ್ಟನೆ ಶುರುವಾಗುವುದು ಅದಕ್ಕೇ. ಇದನ್ನು ಮಗ್ಗ ಇಲ್ಲದೆಯೂ ಮಾಡಬಹುದು.

ಗಟ್ಟಿಯಾದ ಮರದ ಚೌಕಟ್ಟು ತಗೊಳ್ಳಿ. ಮೇಲೆ, ಕೆಳಗೆ ಅರ್ಧ ಸೆಂಟಿಮೀಟರಿಗೊಂದು ಸಣ್ಣ ಮೊಳೆ ಹೊಡೆಯಿರಿ. ನಡುವೆ ಅಡ್ಡಲಾಗಿ ಒಂದು ದಾರ ಬಿಗಿದು ಕಟ್ಟಿ. ಕೆಂಪು ನೂಲನ್ನು ಮೇಲಿನ ಮೊಳೆಯಿಂದ ಇಳಿಸಿ, ಆ ದಾರವನ್ನು ಬಳಸಿ, ಮತ್ತೆ ಮೇಲಿನ ಪಕ್ಕದ ಮೊಳೆಗೆ ಒಯ್ಯಿರಿ. ಸಾಲು ಪೂರ್ತಿ ಹೀಗೇ. ಈಗ ನೀಲಿ ನೂಲು. ಕೆಳಗಿನ ಮೊಳೆಯಿಂದ ಹತ್ತಿ, ಒಂದು ಕೆಂಪು ಕುಣಿಕೆಯೊಳಗೆ ತೂರಿ, ಕೆಳಗಿನ ಪಕ್ಕದ ಮೊಳೆಗೆ ಇಳಿಯಬೇಕು. ಒಂದು ಕುಣಿಕೆಯೂ ತಪ್ಪಬಾರದು. ಎಲ್ಲ ಸೇರಿದ ಮೇಲೆ ನಡುವಿನ ದಾರ ಎಳೆದು ತೆಗೆಯಿರಿ. ಸಡಿಲ ಕಂಡರೆ ನೀಲಿಯನ್ನು ಒಂದು ತುದಿಯಿಂದ ಜಗ್ಗುತ್ತಾ ಬನ್ನಿ, ಕೊನೆಯ ಗಂಟು ಆಮೇಲೆ.

ಹೊಕ್ಕಿಗೆ, ಅಂದರೆ ಅಡ್ಡ ನೂಲಿಗೆ, ದಪ್ಪ ಸೂಜಿ ಸಾಕು. ಒಂದು ಎಳೆಯ ಮೇಲೆ, ಒಂದರ ಕೆಳಗೆ. ನೂಲನ್ನು ನೇರವಾಗಿ ಎಳೆಯಬೇಡಿ. ಕಮಾನಿನ ಹಾಗೆ ಬಿಟ್ಟು ಫೋರ್ಕಿನಿಂದ ಕೆಳಗೊತ್ತಿ. ಇಲ್ಲದಿದ್ದರೆ ಅಂಚು ಒಳಕ್ಕೆ ಸೇದಿಕೊಳ್ಳುತ್ತದೆ. ಜಾಸ್ತಿ ಒತ್ತಲೂಬೇಡಿ, ಹಾಸಿನ ಬಣ್ಣ ಮುಚ್ಚಿಹೋಗುತ್ತದೆ. ಕೆಂಪು ಹಾಸಿನ ಎಳೆಗಳಿಗೆ ನೀಲಿ ಹೊಕ್ಕು ಹಾಕಿ ದೂರದಿಂದ ನೋಡಿ: ನೇರಳೆ ಕಾಣುತ್ತದೆ, ಬಣ್ಣ ಕಲೆಸಿದ್ದು ಮಾತ್ರ ಯಾರೂ ಇಲ್ಲ!

ನೇಯ್ಗೆ ಕಲಾವಿದೆ ಆನಿ ಆಲ್ಬರ್ಸ್ ಇಂಥ ಆಟದಲ್ಲಿ ಪಳಗಿದ್ದವರು. 1922ರಲ್ಲಿ ಜರ್ಮನಿಯ ಬೌಹೌಸ್ ಕಲಾಶಾಲೆ ಸೇರಿದರು. ಮನಸ್ಸಿಲ್ಲದೆಯೇ ನೇಯ್ಗೆ ವಿಭಾಗಕ್ಕೆ ಹೋದರು. 1949ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಅವರ ನೇಯ್ಗೆಯದೇ ಪ್ರದರ್ಶನ ಇಟ್ಟಿತು. ಅವರ ಕೆಲಸದಲ್ಲಿ ದಾರ ಹೇಗೆ ಹೋಗಿದೆ ಅನ್ನುವುದೇ ಚಿತ್ರ. ನಮ್ಮ ಕೊಂಡಿಯಲ್ಲೂ ಅದೇ ಇದೆ, ಅಲ್ವಾ?

ಹಾಗಾಗಿ ಕೊಂಡಿ ಸಾಲಿನ ಎರಡೂ ಬದಿ ಎರಡೆರಡು ಬೆರಳಷ್ಟು ಜಾಗ ನೇಯದೆ ಬಿಡಿ. ಸೀರೆಯಲ್ಲಿ ಕಣ್ಣಿಗೆ ಬೀಳದ ಕೀಲು ಇಲ್ಲಿ ಬೆತ್ತಲಾಗಿ ಕಾಣಲಿ. ಎಲ್ಲ ಕಡೆ ತುಂಬಿಸುವ ಆಸೆ ಬರುತ್ತದೆ, ತಡೆದುಕೊಳ್ಳಿ. ತೆನೆ ಬೇಕೇ ಬೇಕು ಅನಿಸಿದರೆ ಕೆಂಪು ಭಾಗದಲ್ಲಿ ಬಿಳಿ ನೂಲಿನಿಂದ ಒಂದೇ ಒಂದು, ಅದೂ ಮೂಲೆಗೆ. ಮುಗಿದ ಮೇಲೆ ಮೊಳೆಯಿಂದ ಬಿಡಿಸಬೇಡಿ. ಬಿಗಿ ಹೋದರೆ ಕೊಂಡಿಗಳು ಸೊಟ್ಟಗಾಗುತ್ತವೆ. ಚೌಕಟ್ಟಿನ ಸಮೇತ, ನೇರ ಬಿಸಿಲು ಬೀಳದ ಗೋಡೆಗೆ ತೂಗುಹಾಕಿ.