ಕುಮಾರ ಪರ್ವತಕ್ಕೆ ಒಂದೂವರೆ ಕೇಜಿಯ ಕ್ಯಾಮೆರಾ ಗಂಟು

ಕುಕ್ಕೆ ಸುಬ್ರಹ್ಮಣ್ಯದಿಂದ ಕುಮಾರ ಪರ್ವತದ ತುದಿಗೆ ಹೆಚ್ಚೂಕಡಿಮೆ 13 ಕಿಲೋಮೀಟರ್. ತುದಿಯ ಎತ್ತರ 1712 ಮೀಟರ್. ಹೊರಡುವ ಜಾಗದಿಂದ ಲೆಕ್ಕ ಹಾಕಿದರೆ ಒಂದೂವರೆ ಸಾವಿರ ಮೀಟರಿಗೂ ಮೀರಿದ ಏರು. ಚಾರಣಿಗರು ಊಟಕ್ಕೆ ನಿಲ್ಲುವ ಗಿರಿಗದ್ದೆಯ ಭಟ್ಟರ ಮನೆಯವರೆಗೆ ಕಾಡು, ಅಲ್ಲಿಂದಾಚೆ ನೆರಳೇ ಇಲ್ಲದ ಹುಲ್ಲುಗಾವಲು. ನೀರು, ಊಟ, ಬಟ್ಟೆ, ಮಳೆಕೋಟು ಸೇರಿ ಬೆನ್ನ ಮೇಲೆ ಆರೇಳು ಕೇಜಿ ಆಗಲೇ ಕೂತಿರುತ್ತದೆ. ಇದರ ಮೇಲೆ ಕ್ಯಾಮೆರಾ ಸಾಮಾನಿಗೆ ಒಂದೂವರೆ ಕೇಜಿ ಎಂದು ಗಡಿ ಹಾಕಿಕೊಳ್ಳಿ. ಶಾಸ್ತ್ರದಲ್ಲಿ ಬರೆದ ಲೆಕ್ಕವೇನಲ್ಲ ಇದು. ಆದರೆ ಗಡಿ ದಾಟಿದವರ ಕ್ಯಾಮೆರಾ, ಭಟ್ಟರ ಮನೆ ದಾಟಿದ ಮೇಲೆ ಸಿಗುವ ಕಲ್ಲು ಮಂಟಪ ಮುಟ್ಟುವಷ್ಟರಲ್ಲಿ ಬ್ಯಾಗಿನ ತಳ ಸೇರಿರುತ್ತದೆ, ಇಳಿಯುವವರೆಗೂ ಹೊರಗೆ ಬರುವುದಿಲ್ಲ.

ಮೊದಲ ಕೆಲಸ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ. ಬಾಡಿಯನ್ನು, ಅಂದರೆ ಲೆನ್ಸ್ ಬಿಟ್ಟ ಕ್ಯಾಮೆರಾವನ್ನು, ಬ್ಯಾಟರಿ, ಕಾರ್ಡ್ ಹಾಕಿಯೇ ತೂಗಿ. ಕಂಪನಿಗಳು ಕೆಲವೊಮ್ಮೆ ಬರಿ ಬಾಡಿಯ ತೂಕವನ್ನಷ್ಟೇ ಜಾಹೀರಾತಿನಲ್ಲಿ ಹಾಕುತ್ತವೆ. ಲೆನ್ಸನ್ನು ಹುಡ್, ಮುಚ್ಚಳ, ಫಿಲ್ಟರ್ ಸಮೇತ ತೂಗಿ. ಪಟ್ಟಿ, ಚಾರ್ಜರ್, ಕೇಬಲ್, ಕ್ಯಾಮೆರಾ ಇಡುವ ಚೀಲವನ್ನೂ ಬಿಡಬೇಡಿ. ದಪ್ಪ ಸ್ಪಂಜಿನ ಕ್ಯಾಮೆರಾ ಬ್ಯಾಗ್ ಖಾಲಿಯಿದ್ದಾಗಲೇ ಒಂದು ಕೇಜಿ ದಾಟುವುದುಂಟು. ಅದನ್ನು ಮನೆಯಲ್ಲೇ ಬಿಟ್ಟು, ಮಾಮೂಲಿ ಚಾರಣದ ಬ್ಯಾಗಿನಲ್ಲಿ ಒಂದು ಉಣ್ಣೆ ಟೋಪಿಯೊಳಗೆ ಕ್ಯಾಮೆರಾ ಇಟ್ಟರೂ ನಡೆಯುತ್ತದೆ.

ಲೆನ್ಸ್ ಮೊದಲು, ಬಾಡಿ ಆಮೇಲೆ

ಹಗುರ ಬೇಕೆಂದು ಹೊರಟವರು ಸಾಮಾನ್ಯವಾಗಿ ಎಡವುವುದು ಇಲ್ಲೇ. ಸೋನಿ ಎ7ಸಿ 2 ಫುಲ್‌ಫ್ರೇಮ್ (ಬೆಳಕು ಹಿಡಿಯುವ ಸೆನ್ಸರ್ ದೊಡ್ಡದಿರುವ ಕ್ಯಾಮೆರಾ) ಆಗಿಯೂ 514 ಗ್ರಾಂ. ಚೆನ್ನಾಗಿದೆ ಎಂದು ಕೊಂಡು, ಅದಕ್ಕೆ 24-70 ಎಫ್2.8 ಜಿಎಂ 2 ಹಾಕಿದರೆ ಲೆನ್ಸೇ 695 ಗ್ರಾಂ. (24-70 ಎಂಬುದು ಜೂಮಿನ ವ್ಯಾಪ್ತಿ, ಮಿಲಿಮೀಟರಿನಲ್ಲಿ; ಎಫ್ ಅಂಕಿ ಚಿಕ್ಕದಾದಷ್ಟೂ ಒಳಗೆ ಬರುವ ಬೆಳಕು ಹೆಚ್ಚು.) ಮೂಗಿಗಿಂತ ಮೂಗುತಿ ಭಾರ ಅನ್ನುವುದು ಇದಕ್ಕೇ. ಅದೇ ಬಾಡಿಗೆ 28-60 ಕಿಟ್ ಲೆನ್ಸ್ ಹಾಕಿದರೆ ಲೆನ್ಸ್ 167 ಗ್ರಾಂ, ಎರಡೂ ಸೇರಿ 681. ಬೆಳಕು ಕಡಿಮೆ ಒಳಗೆ ಬರುತ್ತದೆ, ನಿಜ. ಬೆಟ್ಟದ ಮೇಲೆ ಹಗಲಿನಲ್ಲಿ ನೀವು ಹೇಗೂ ಎಫ್8ರಲ್ಲೇ ತೆಗೆಯುತ್ತೀರಿ.

ಹಳೆಯ ಡಿಎಸ್ಎಲ್ಆರ್ ಸೆಟ್ಟಿನ ಲೆಕ್ಕವೂ ನೋಡಿಬಿಡಿ: ನಿಕಾನ್ ಡಿ850 1005 ಗ್ರಾಂ, 24-70 ಎಫ್2.8 ವಿಆರ್ 1070, 70-200 ಎಫ್2.8 ಎಫ್ಎಲ್ 1430. ಟ್ರೈಪಾಡ್ ಇಲ್ಲದೆಯೇ ಮೂರೂವರೆ ಕೇಜಿ. ಮದುವೆ ಮಂಟಪಕ್ಕೆ ಸರಿ, ತುದಿಗೆ ಮುಂಚೆ ಸಿಗುವ ಶೇಷ ಪರ್ವತದ ಏರಿಗಲ್ಲ.

ಈ ದಾರಿಗೆ ಹೊಂದುವ ಜೋಡಿಗಳಲ್ಲಿ ಮೊದಲು ಹೇಳಬೇಕಾದ್ದು ಒಎಂ ಸಿಸ್ಟಂನ ಒಎಂ-5 ಮತ್ತು 12-45 ಎಫ್4 ಪ್ರೊ. 414 ಮತ್ತು 254, ಒಟ್ಟು 668 ಗ್ರಾಂ. ಸೆನ್ಸರ್ ಚಿಕ್ಕದಾದ್ದರಿಂದ ಈ ಲೆನ್ಸ್ ಫುಲ್‌ಫ್ರೇಮಿನ 24-90ಕ್ಕೆ ಸಮ. ಬಾಡಿ, ಲೆನ್ಸ್ ಎರಡಕ್ಕೂ ಧೂಳು, ತುಂತುರು ತಡೆಯುವ ಸೀಲ್ ಇದೆ, ಐಪಿ53 ಮಟ್ಟದ್ದು. ಮಲೆನಾಡಿನ ತುಂತುರಿಗೆ ಇಷ್ಟು ಹಗುರದಲ್ಲಿ ಇದಕ್ಕಿಂತ ಧೈರ್ಯದ ಜೋಡಿ ಸಿಗುವುದು ಕಷ್ಟ. ದೂರದ ಬೆಟ್ಟಸಾಲು ಹತ್ತಿರ ಎಳೆಯಬೇಕೆಂದರೆ 190 ಗ್ರಾಮಿನ 40-150 ಎಫ್4-5.6 ಸೇರಿಸಿ, ಇದಕ್ಕೆ ಮಾತ್ರ ಸೀಲ್ ಇಲ್ಲ, ಮಳೆಯಲ್ಲಿ ಹಾಕಬಾರದು. ಕೊರತೆಯೂ ಇವೆ. ದಟ್ಟ ಕಾಡಿನ ಮಬ್ಬಿನಲ್ಲಿ ಐಎಸ್ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆಯ ಅಂಕಿ) 3200 ದಾಟಿದರೆ ಚಿತ್ರ ಕಾಳು ಕಾಳಾಗುತ್ತದೆ. ಬ್ಯಾಟರಿ ಕಂಪನಿ ಲೆಕ್ಕದಲ್ಲೇ 310 ಫೋಟೋ. ಚಾರ್ಜಿಂಗ್ ಮೈಕ್ರೊ ಯುಎಸ್‌ಬಿ, ಟೈಪ್ ಸಿ ಬಂದದ್ದು ಇದರ ಮುಂದಿನ ಮಾದರಿ ಮಾರ್ಕ್ 2ರಲ್ಲಿ. ಹಳೆಯದನ್ನು ಕೊಂಡವರು ಕೇಬಲ್ ಮರೆತರೆ ಜೊತೆಯವರ ಕೇಬಲ್ಲೂ ಉಪಯೋಗಕ್ಕೆ ಬರದು.

ಸೋನಿ ಎ6700 (493 ಗ್ರಾಂ) ಮತ್ತು ಸಿಗ್ಮಾ 18-50 ಎಫ್2.8 (290 ಗ್ರಾಂ) ಇನ್ನೊಂದು ಜೋಡಿ, 783 ಗ್ರಾಂ. ಕಾಡಿನ ಮಬ್ಬಿಗೆ ಇದು ಮೇಲು, ಬ್ಯಾಟರಿಯೂ 570 ಫೋಟೋ ಎಳೆಯುತ್ತದೆ. ಸಿಗ್ಮಾಕ್ಕೆ ಮೌಂಟಿನ (ಲೆನ್ಸ್ ಬಾಡಿಗೆ ಕೂಡುವ ಜಾಗದ) ಹತ್ತಿರ ಮಾತ್ರ ರಬ್ಬರ್ ಸೀಲ್, ಹಾಗಾಗಿ ಮಳೆ ಬಂದರೆ ಮುಚ್ಚಲೇಬೇಕು. ದುಡ್ಡು ಉಳಿಸಲು ಎ6400 ಬಾಡಿಗೆ ಇದೇ ಲೆನ್ಸ್ ಹಾಕುವವರು ಒಂದು ಗಮನಿಸಿ: ಆ ಬಾಡಿಯಲ್ಲೂ ಅಲುಗಾಟ ತಡೆಯುವ ವ್ಯವಸ್ಥೆ ಇಲ್ಲ, ಲೆನ್ಸಿನಲ್ಲೂ ಇಲ್ಲ. ಏರು ಹತ್ತಿ ಏದುಸಿರು ಬಿಡುತ್ತಿರುವ ಕೈಯಲ್ಲಿ 1/60 ಸೆಕೆಂಡಿಗೇ ಚಿತ್ರ ಕದಡುತ್ತದೆ. ಶಟರ್ ವೇಗ 1/125ಕ್ಕಿಂತ ಕೆಳಗೆ ಇಳಿಯದಂತೆ ಕಟ್ಟಿಡಿ.

ರಿಕೋ ಜಿಆರ್ 3 257 ಗ್ರಾಂ, ಅಂಗಿ ಜೇಬಿಗೆ ಹೋಗುತ್ತದೆ. ಜೂಮ್ ಇಲ್ಲ, ಸೀಲ್ ಇಲ್ಲ, ಬ್ಯಾಟರಿ 200 ಫೋಟೋ. ಸೆನ್ಸರ್ ಮೇಲೆ ಧೂಳು ಕೂತರೆ ಲೆನ್ಸ್ ಬಿಚ್ಚಿ ಊದುವ ಹಾಗೂ ಇಲ್ಲ. ದಾರಿ, ಜನ, ಕಾಡು ಸಾಕೆನ್ನುವವರಿಗೆ ಮಾತ್ರ. ಇನ್ನು ಫೋನ್. ಒಳ್ಳೆಯ ಫೋನ್ ಇದ್ದು, ಚಿತ್ರವನ್ನು ಫೋನಿನಲ್ಲೇ ನೋಡುವುದಾದರೆ ಬೇರೆ ಏನೂ ಹೊರಬೇಡಿ.

ಕೊಳ್ಳುವ ಮೊದಲು ಎರಡು ದಿನ ಬಾಡಿಗೆಗೆ ತಂದು ನೋಡಿ; ಬೆಂಗಳೂರಲ್ಲಿ ಈ ಸೌಕರ್ಯ ಧಾರಾಳವಾಗಿದೆ. ಬ್ಯಾಗನ್ನು ಪೂರ್ತಿ ತುಂಬಿಸಿಕೊಂಡು ನಂದಿಬೆಟ್ಟದ ಮೆಟ್ಟಿಲು ಹತ್ತಿದರೆ ತೂಕದ ಬಗ್ಗೆ ಬೇರೆ ಸಲಹೆ ಬೇಕಾಗುವುದಿಲ್ಲ.

ಕೈಗೆ ಸಿಗುವಂತೆ

ಅರ್ಧ ನಿಮಿಷದಲ್ಲಿ ಕೈಗೆ ಬಾರದ ಕ್ಯಾಮೆರಾ ಎಷ್ಟು ಹಗುರವಿದ್ದರೂ ಹೊರೆಯೇ. ಕುತ್ತಿಗೆಗೆ ನೇತುಹಾಕಿದರೆ ಕಡಿದಾದ ಏರಿನಲ್ಲಿ ಬಗ್ಗಿದಾಗಲೆಲ್ಲ ಬಂಡೆಗೆ ಬಡಿಯುತ್ತದೆ. ಬ್ಯಾಗಿನ ಭುಜಪಟ್ಟಿಗೆ ಹಾಕುವ ಲೋಹದ ಕ್ಲಿಪ್ಪೇ ಇದಕ್ಕೆ ಮದ್ದು; ಪೀಕ್ ಡಿಸೈನ್ ಕ್ಯಾಪ್ಚರ್ ಸುಮಾರು 85 ಗ್ರಾಂ. ಎಡ ಭುಜಕ್ಕೆ, ಎದೆಪಟ್ಟಿಯ ಕೊಂಡಿಗಿಂತ ಸ್ವಲ್ಪ ಮೇಲೆ, ಲೆನ್ಸ್ ನೆಲ ನೋಡುವಂತೆ ಹಾಕಿ. ಭುಜಪಟ್ಟಿ ತೀರ ದಪ್ಪಗಿದ್ದರೆ ಕ್ಲಿಪ್ಪಿನ ತಿರುಪು ಕಚ್ಚುವುದಿಲ್ಲ, ಅಂಗಡಿಗೆ ಬ್ಯಾಗ್ ಒಯ್ದೇ ಹಾಕಿ ನೋಡಿ. ಅದಕ್ಕಿಂತ ಅಪಾಯದ್ದು ಕ್ಯಾಮೆರಾದ ಅಡಿಗೆ ತಿರುಪು ಹಾಕಿ ಕ್ಲಿಪ್ಪಿಗೆ ಸಿಕ್ಕಿಸುವ ಪ್ಲೇಟ್. ನಡಿಗೆಯ ಕುಲುಕಾಟಕ್ಕೆ ಅದರ ತಿರುಪು ನಿಧಾನವಾಗಿ ಸಡಿಲವಾಗುತ್ತದೆ, ಕ್ಯಾಮೆರಾ ಕ್ಲಿಪ್ಪಿನಲ್ಲೇ ಒಂದಿಷ್ಟು ತಿರುಗತೊಡಗುತ್ತದೆ. ತಿರುಗಿತೆಂದರೆ ತಕ್ಷಣ ನಿಂತು ಆ ತಿರುಪಿನ ಕೀಲಿಯಿಂದ ಬಿಗಿ ಮಾಡಿ. ಕೀಲಿ ಬ್ಯಾಗಿನ ಹೊರಜೇಬಿನಲ್ಲಿರಲಿ. ಇದರ ಜೊತೆಗೆ ಕ್ಯಾಮೆರಾದ ಕಿವಿಯಿಂದ (ಕುತ್ತಿಗೆ ಪಟ್ಟಿ ಕಟ್ಟುವ ಬಳೆಯಿಂದ) ಭುಜಪಟ್ಟಿಗೆ ಒಂದು ಗಟ್ಟಿ ದಾರ ಕಟ್ಟಿದರೆ ಪ್ಲೇಟ್ ಕಳಚಿದರೂ ಕ್ಯಾಮೆರಾ ಕಣಿವೆಗೆ ಹೋಗದು.

ಟ್ರೈಪಾಡ್ ಬೇಡ. ಕಾರ್ಬನ್ನಿನ ಹಗುರ ಟ್ರೈಪಾಡೂ ಒಂದೂಕಾಲು ಕೇಜಿಯ ಸುತ್ತಮುತ್ತ. ಮೇಲೆ ಟೆಂಟ್ ಹಾಕಲು ಅರಣ್ಯ ಇಲಾಖೆ ಬಿಡುವುದಿಲ್ಲ, ತುದಿಯಲ್ಲಿ ನಕ್ಷತ್ರ ತೆಗೆಯುವ ಮಾತೇ ಇಲ್ಲ. ಹಳ್ಳದ ನೀರು ಹಾಲಿನಂತೆ ಕಾಣಬೇಕೆಂದರೆ ಬಂಡೆಗೆ ಮೊಣಕೈ ಊರಿ 1/4 ಸೆಕೆಂಡ್ ಪ್ರಯತ್ನಿಸಿ, ಒಎಂ-5, ಎ6700 ಎರಡೂ ಅಲುಗಾಟ ತಡೆಯುತ್ತವೆ. ಡ್ರೋನ್ ಅಂತೂ ಮನೆಯಲ್ಲೇ ಇರಲಿ, ಇದು ಪುಷ್ಪಗಿರಿ ವನ್ಯಧಾಮದ ನೆಲ.

ಟ್ರೈಪಾಡಿನ ಬದಲು 35 ಗ್ರಾಮಿನ ಪೋಲರೈಸರ್ ಫಿಲ್ಟರ್ ಒಯ್ಯಿರಿ. 12-45ಕ್ಕೆ 58 ಮಿಲಿಮೀಟರಿನದು, ಸಿಗ್ಮಾಕ್ಕೆ 55. ಒದ್ದೆ ಎಲೆಯ ಮೇಲಿನ ಬಿಳಿ ಹೊಳಪನ್ನು ಇದು ತೆಗೆದುಹಾಕಿದಾಗ ಹಸಿರು ಇದ್ದ ಹಾಗೇ ಬರುತ್ತದೆ. ಈ ಕೆಲಸವನ್ನು ಆಮೇಲೆ ಕಂಪ್ಯೂಟರಿನಲ್ಲಿ ಮಾಡಲಾಗದು. ಒಂದೂವರೆಯಿಂದ ಎರಡು ಸ್ಟಾಪ್ ಬೆಳಕು ತಿನ್ನುತ್ತದೆ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕೆ ಇಳಿದಂತೆ), ಆದ್ದರಿಂದ ಕತ್ತಲ ಕಾಡಿನಲ್ಲಿ ತೆಗೆದಿಡಿ.

ಕರೆಂಟಿನ ಲೆಕ್ಕ ಹೀಗೆ. 10,000 ಎಂಎಎಚ್ ಪವರ್‌ಬ್ಯಾಂಕ್ ಎಂದರೆ 37 ವ್ಯಾಟ್ ಅವರ್. ಪರಿವರ್ತನೆಯಲ್ಲಿ ಸೋರಿ ಕೈಗೆ ಸಿಗುವುದು 23ರ ಆಸುಪಾಸು. ಎ6700ರ ಬ್ಯಾಟರಿ 16.4. ಅಂದರೆ ಒಂದು ಪೂರ್ತಿ ಚಾರ್ಜ್, ಮಿಕ್ಕಿದ್ದರಲ್ಲಿ ಫೋನಿಗೆ ಸ್ವಲ್ಪ. ಎರಡು ದಿನಕ್ಕೆ ಇದರ ಜೊತೆ ಒಂದು ಹೆಚ್ಚುವರಿ ಬ್ಯಾಟರಿ ಸಾಕು. ದೂರದ ಊರಿನಿಂದ ವಿಮಾನದಲ್ಲಿ ಬರುವವರು ಪವರ್‌ಬ್ಯಾಂಕನ್ನು ಕೈಚೀಲದಲ್ಲೇ ಇಡಬೇಕು, ಲಗೇಜಿಗೆ ಹಾಕುವಂತಿಲ್ಲ. ಎ6700, ಸಿಗ್ಮಾ, ಕ್ಲಿಪ್, ಬ್ಯಾಟರಿ, ಫಿಲ್ಟರ್, ಪವರ್‌ಬ್ಯಾಂಕ್, ಕೇಬಲ್, 64 ಜಿಬಿಯ ಎರಡು ಕಾರ್ಡ್, ಬಟ್ಟೆ ಎಲ್ಲ ಕೂಡಿಸಿದರೆ 1.3 ಕೇಜಿ. ಗಡಿಯೊಳಗೆ ಇನ್ನೂ ಇನ್ನೂರು ಗ್ರಾಂ ಉಳಿಯಿತು, ಅದನ್ನು ತುಂಬಿಸಲೇಬೇಕೆಂದೇನಿಲ್ಲ.

ನೀರು, ಇಂಬಳ, ಬೂಷ್ಟು

ಬೆಂಗಳೂರಿನಿಂದ ರಾತ್ರಿ ಎಸಿ ಬಸ್ಸಿನಲ್ಲಿ ಬಂದು ಬೆಳಗಿನ ಜಾವ ಕುಕ್ಕೆಯಲ್ಲಿ ಇಳಿದೊಡನೆ ಕ್ಯಾಮೆರಾ ತೆಗೆದರೆ ಗಾಜಿನ ಮೇಲೆ ಮಂಜು ಕಟ್ಟುತ್ತದೆ. ತಣ್ಣಗಿನ ಗಾಜಿಗೆ ಕರಾವಳಿ ಕಡೆಯ ಹಸಿ ಗಾಳಿ ತಗುಲಿದ ಪರಿಣಾಮ. ಹೊರಗಿನದನ್ನು ಒರೆಸಬಹುದು, ಲೆನ್ಸಿನೊಳಗೆ ಕಟ್ಟಿದ್ದು ತಾನಾಗಿ ಆರುವವರೆಗೆ ಕಾಯದೆ ಗತಿಯಿಲ್ಲ. ಬಸ್ಸು ಹತ್ತುವಾಗಲೇ ಕ್ಯಾಮೆರಾವನ್ನು ಜಿಪ್‌ಲಾಕ್ ಚೀಲದಲ್ಲಿ ಗಾಳಿ ಒತ್ತಿ ತೆಗೆದು ಮುಚ್ಚಿ. ಇಳಿದ ಮೇಲೆ ತಿಂಡಿ, ಕಾಫಿ ಮುಗಿಯುವವರೆಗೆ, ಅಂದರೆ ಅರ್ಧ ಗಂಟೆ, ಬಿಚ್ಚಬೇಡಿ.

ಬ್ಯಾಗಿನ ಮೇಲೆ ಹಾಕುವ ಮಳೆ ಹೊದಿಕೆಯನ್ನು ನಂಬಬಾರದು. ಬೆನ್ನಿನ ಕಡೆ ಅದು ತೆರೆದಿರುತ್ತದೆ. ಕುತ್ತಿಗೆಯಿಂದ ಇಳಿದ ನೀರು ಅಲ್ಲಿಂದ ನುಗ್ಗಿ ಹೊದಿಕೆಯ ತಳದಲ್ಲೇ ನಿಲ್ಲುತ್ತದೆ. ಒಳಗೆ ಐದು ಲೀಟರಿನ ಡ್ರೈಬ್ಯಾಗ್ (ನೀರು ನುಗ್ಗದ ಚೀಲ) ಇಟ್ಟು ಬಾಯಿಯನ್ನು ಮೂರು ಸುತ್ತು ಮಡಚಿ. ಕ್ಲಿಪ್ಪಿನಲ್ಲಿರುವ ಕ್ಯಾಮೆರಾಕ್ಕೆ ಸ್ನಾನಕ್ಕೆ ತಲೆಗೆ ಹಾಕುವ ಪ್ಲಾಸ್ಟಿಕ್ ಟೋಪಿ ಸಾಕು.

ಇಂಬಳಕ್ಕೆಂದು ಕಾಲಿಗೆ ಉಪ್ಪು, ನಶ್ಯ, ಸುಣ್ಣ ಉಜ್ಜಿದ ಕೈಯಲ್ಲಿ ಲೆನ್ಸ್ ಮುಟ್ಟಬೇಡಿ. ಡೀಟ್ ಎಂಬ ರಾಸಾಯನಿಕ ಇರುವ ಕೀಟನಿವಾರಕವಂತೂ ಪ್ಲಾಸ್ಟಿಕ್ಕನ್ನೂ ರಬ್ಬರ್ ಹಿಡಿಯನ್ನೂ ಕರಗಿಸಿ ಅಂಟು ಅಂಟು ಮಾಡುತ್ತದೆ. ಹಚ್ಚಿದ ಮೇಲೆ ಅಂಗೈ ತೊಳೆದುಕೊಳ್ಳಿ.

ಮನೆ ತಲುಪಿದ ರಾತ್ರಿ ಎಷ್ಟೇ ಸುಸ್ತಾಗಿದ್ದರೂ ಒದ್ದೆ ಪಟ್ಟಿ ಬಿಚ್ಚಿ ಬೇರೆ ಒಣಗಿಸಿ, ಬ್ಯಾಟರಿ ಹೊರಗೆ ತೆಗೆಯಿರಿ. ಕ್ಯಾಮೆರಾವನ್ನು ಒಣಬಟ್ಟೆಯಲ್ಲಿ ಒತ್ತಿ ಒರೆಸಿ ಫ್ಯಾನಿನ ಕೆಳಗೆ ಇಡಿ. ಅಕ್ಕಿಯ ಡಬ್ಬಕ್ಕೆ ಹಾಕಬೇಡಿ, ತೌಡಿನ ಧೂಳು ಸಂದುಗಳಿಗೆ ಇಳಿಯುತ್ತದೆ. ಮಾರನೇ ದಿನ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬ, ಒಳಗೊಂದು ತೇವಮಾಪಕ. ಮುಳ್ಳು ಶೇಕಡಾ 40-50ರ ನಡುವೆ ಇರಲಿ. ಎರಡು ವಾರ ಬಿಟ್ಟು ಲೆನ್ಸಿನ ಹಿಂದಿನಿಂದ ಟಾರ್ಚ್ ಹಾಯಿಸಿ ನೋಡಿ. ಜೇಡರ ಬಲೆಯಂಥ ಸಣ್ಣ ಎಳೆ ಕಂಡರೆ ಅದು ಬೂಷ್ಟು. ಆ ಲೆನ್ಸನ್ನು ರಿಪೇರಿಗೆ ಕೊಡುವವರೆಗೆ ಬೇರೆ ಡಬ್ಬದಲ್ಲಿಡಿ.