ಹುರಿದರೆ ಘಮ, ಹುರಿಯದಿದ್ದರೆ ಕಿಣ್ವ: ನನ್ನ ರಾಗಿ ಮಾಲ್ಟ್ ಅನುಭವ

ನಮ್ಮ ಮಾಲ್ಟ್ ಹಿಟ್ಟಿನ (ರಾಗಿ ಮೊಳಕೆ ಕಟ್ಟಿ, ಒಣಗಿಸಿ, ಬೀಸಿದ್ದು) ರಾಗಿ ಸರಿ ಒಲೆಯ ಮೇಲೆ ಮೊದಲು ಗಟ್ಟಿಯಾಗುತ್ತಾ ಬರುತ್ತದೆ, ಆಮೇಲೆ ತಾನೇ ತೆಳ್ಳಗಾಗುತ್ತದೆ. ಮತ್ತೆ ನೀರು ಸುರಿಯಬೇಕಿಲ್ಲ. ಇದಕ್ಕೆ ಹುರಿಯದ ಮಾಲ್ಟ್ ಬೇಕು, ಅದು ಆಗದ ಕೆಲಸ ಅಂದವರೇ ಜಾಸ್ತಿ. ಚೆನ್ನಾಗಿ ಹುರಿಯದಿದ್ದರೆ ಘಮ ಇಲ್ಲ, ಘಮ ಇಲ್ಲದಿದ್ದರೆ ವ್ಯಾಪಾರ ಇಲ್ಲ ಅಂತ ಮಿಲ್ಲಿನವರು, ಸಂಘದ ಹೆಂಗಸರು, ನಮ್ಮತ್ತೆ, ಎಲ್ಲರದೂ ಒಂದೇ ರಾಗ. ಈಗ ಅತ್ತೆಯೇ ಪ್ಯಾಕೆಟ್ ಕಟ್ಟುತ್ತಾರೆ.

ನೆನೆಸುವುದು, ಬಸಿಯುವುದು, ಒದ್ದೆ ಬಟ್ಟೆಯಲ್ಲಿ ಕಟ್ಟುವುದು ನಿಮಗೆ ಹೇಳಿಕೊಡಬೇಕಿಲ್ಲ. ಮೊಳೆಯುವ ಕಾಳಿನ ಜೀವಕೋಶಗಳು ಅಮೈಲೇಸ್ ಎಂಬ ಕಿಣ್ವ ಮಾಡುತ್ತವೆ. ಅದು ಪಿಷ್ಟದ ಉದ್ದ ಎಳೆಗಳನ್ನು ತುಂಡರಿಸಿ ಮೊಳಕೆಗೆ ಸಕ್ಕರೆ ಒದಗಿಸುತ್ತದೆ. ಒಂದು ಕಡೆ ಕತ್ತರಿಸಿದ ಮೇಲೆ ಖರ್ಚಾಗುವುದಿಲ್ಲ, ಮುಂದಿನದಕ್ಕೆ ಹೋಗುತ್ತದೆ. ಅದಕ್ಕೇ ಒಂದು ಚಮಚ ಮಾಲ್ಟ್ ಇಡೀ ಪಾತ್ರೆಗೆ ಸಾಕು. 1833ರಲ್ಲೇ ಪಾಯೆನ್ ಮತ್ತು ಪೆರ್ಸೊ ಎಂಬ ಫ್ರೆಂಚ್ ವಿಜ್ಞಾನಿಗಳು ಬಾರ್ಲಿ ಮಾಲ್ಟಿನಿಂದ ಈ ಸತ್ವ ಬೇರ್ಪಡಿಸಿದ್ದರು. ಮಕ್ಕಳ ಆಹಾರಕ್ಕೆ ರಾಗಿ ಮಾಲ್ಟ್ ಬಳಸುವ ಬಗ್ಗೆ ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲೂ ಕೆಲಸ ನಡೆದಿದೆ. ನಾನು ಹೊಸದೇನೂ ಕಂಡುಹಿಡಿದಿಲ್ಲ. ಹುರಿದರೆ ಸಾಯುವ ಕಿಣ್ವವನ್ನು ಸಾಯಿಸದೆ ಪ್ಯಾಕೆಟ್ಟಿಗೆ ಇಳಿಸಿದ್ದೇನೆ, ಅಷ್ಟೇ. ಆದರೆ ಅದನ್ನು ಎಷ್ಟು ಜನ ಮಾಡುತ್ತಾರೆ ಹೇಳಿ?

ಮೊದಲ ಮಳೆಗಾಲ ಪೂರ್ತಿ ನಷ್ಟ. ಬಿಸಿಲಿಲ್ಲ, ಮೊಳಕೆ ಒಣಗಲಿಲ್ಲ, ಬೂಷ್ಟು ಹಿಡಿಯಿತು. ದನಕ್ಕೂ ಹಾಕುವ ಹಾಗಿರಲಿಲ್ಲ. ಕೂಲಿ ಸೇರಿ ಐದಾರು ಸಾವಿರ ತಿಪ್ಪೆಗೆ ಹೋಯಿತು. ಆಮೇಲೆ ಸುಮಾರು 40 ಸಾವಿರ ಕೊಟ್ಟು ಹಳೆಯ ಡ್ರೈಯರ್ ತಂದೆ. ಅದರ ಮೀಟರ್ 50 ಡಿಗ್ರಿ ತೋರಿಸುತ್ತಿತ್ತು, ಬಿಸಿಗಾಳಿ ಬರುವ ಕಡೆಯ ಟ್ರೇಯಲ್ಲಿ ಅಳೆದರೆ 70 ದಾಟಿತ್ತು! ಮಾರಿದವನು ಫೋನ್ ಎತ್ತಲಿಲ್ಲ. ಒಣಗಿದ ಕಾಳಿನಲ್ಲಿ ಕಿಣ್ವ ಅಷ್ಟಿಷ್ಟು ಬಿಸಿ ತಡೆಯುತ್ತದೆ, ಹಸಿ ಕಾಳಿನಲ್ಲಿ ಖಂಡಿತ ತಡೆಯುವುದಿಲ್ಲ. ಹಾಗಾಗಿ ಈಗ ಮೊದಲು 45ರ ಆಸುಪಾಸಿನಲ್ಲಿ ನಿಧಾನವಾಗಿ ಒಣಗಿಸುತ್ತೇನೆ, ಮಧ್ಯೆ ಟ್ರೇ ಅದಲುಬದಲು ಮಾಡುತ್ತೇನೆ.

ಕಿಣ್ವ ಬದುಕಿದೆಯಾ ಅಂತ ನೋಡಲು ಲ್ಯಾಬಿಗೆ ದುಡ್ಡು ಸುರಿಯಬೇಡಿ. ಬೇಯಿಸಿದ ಗಂಜಿಯನ್ನು 65 ಡಿಗ್ರಿಗೆ ಆರಿಸಿ, ಒಂದು ಚಮಚ ಮಾಲ್ಟ್ ಹಾಕಿ. ಆಗಾಗ ಒಂದು ಹನಿ ತೆಗೆದು ತಟ್ಟೆಯಲ್ಲಿ ಆರಲು ಬಿಟ್ಟು ಅಯೋಡಿನ್ ಬಿಡಿ. ಬಿಸಿ ಹನಿಗೆ ಬಣ್ಣ ಬರುವುದಿಲ್ಲ, ನೆನಪಿರಲಿ. ಕಡು ನೀಲಿ ಹೋಗಿ ಕೆಂಗಂದು ಬಂದರೆ ಪಿಷ್ಟ ತುಂಡಾಗುತ್ತಿದೆ ಎಂದರ್ಥ. ನೀಲಿಯಲ್ಲೇ ನಿಂತರೆ ಆ ಟ್ರೇಯ ಕಿಣ್ವ ಸತ್ತಿದೆ.

ಘಮದ ಸಮಸ್ಯೆ ಇದ್ದೇ ಇತ್ತಲ್ಲ. ಎರಡು ಪಾಲು ಮಾಡಿದೆ. ಹೆಚ್ಚಿನ ಪಾಲು ಚೆನ್ನಾಗಿ ಹುರಿದದ್ದು, ಸ್ವಲ್ಪ ಹುರಿಯದ್ದು. ಮೊದಲು ಹುರಿಯದ್ದನ್ನು ಪುಟ್ಟ ಪೊಟ್ಟಣ ಕಟ್ಟಿ ಒಳಗಿಟ್ಟೆ. ಜನ ಅದನ್ನು ತೇವ ಹೀರುವ ಪುಡಿ ಅಂದುಕೊಂಡು ಬಿಸಾಕಿದರು! ಈಗ ಬೆರೆಸಿಯೇ ಕೊಡುತ್ತೇನೆ. ಎಷ್ಟಕ್ಕೆ ಎಷ್ಟು ಅಂತ ಮಾತ್ರ ಕೇಳಬೇಡಿ, ಅದು ನನ್ನ ಹೊಟ್ಟೆಪಾಡು. ತಣ್ಣೀರಿನಲ್ಲಿ ಕದಡಿ ಸಣ್ಣ ಉರಿಯಲ್ಲಿ ಇಟ್ಟರೆ ಹಿಟ್ಟು 60–70 ಡಿಗ್ರಿಯನ್ನು ಮೆಲ್ಲಗೆ ದಾಟುತ್ತದೆ. ಪಿಷ್ಟ ಅರಳುವುದೂ ಅಲ್ಲೇ, ಕಿಣ್ವ ಕತ್ತರಿಸುವುದೂ ಅಲ್ಲೇ. ಕುದಿಯುವ ನೀರಿಗೆ ಹಾಕಿದರೆ ಎಲ್ಲ ವ್ಯರ್ಥ. ಕೊನೆಗೆ ಒಂದು ಕುದಿ ಬರಲೇಬೇಕು. ಹುರಿಯದ ಪಾಲು ಹಸಿ ಹಿಟ್ಟೇ, ಮಗುವಿಗೆ ಹಾಗೇ ಕೊಡುವಂತಿಲ್ಲ.

ಸುಮ್ನೆ ಕುತೂಹಲಕ್ಕೆ ಬೇರೆ ಬೇರೆಯದನ್ನೂ ಮಾಡಿ ನೋಡಿದೆ. ನಿಂಬೆರಸ ಮೊದಲೇ ಹಿಂಡಿದರೆ ಗಂಜಿ ಗಟ್ಟಿಯಾಗಿಯೇ ಉಳಿಯಿತು. ಹುಳಿ ಜಾಸ್ತಿಯಾದರೆ ಅಮೈಲೇಸ್ ಕೆಲಸ ಮಾಡುವುದಿಲ್ಲ. ಮಜ್ಜಿಗೆಯನ್ನೂ ಇಳಿಸಿದ ಮೇಲೆಯೇ ಹಾಕಿ. ಇನ್ನೊಂದು ಮಜಾ: ಎಂಜಲು ಚಮಚ ಅದ್ದಿದ ಗಂಜಿ ಸ್ವಲ್ಪ ಹೊತ್ತಿಗೆ ನೀರಾಗುತ್ತದೆ. ನಮ್ಮ ಬಾಯಲ್ಲೂ ಇದೇ ಜಾತಿಯ ಕಿಣ್ವ ಇದೆ. ಮಾಲ್ಟನ್ನೇ ಹಾಕದ ಬಟ್ಟಲು ತೆಳ್ಳಗಾಗಿದ್ದಕ್ಕೆ ನಾನು ತಲೆ ಕೆರೆದುಕೊಂಡಿದ್ದೆ, ಮಗ ರುಚಿ ನೋಡಿ ಹೋಗಿದ್ದ!

ಲೆಕ್ಕ ಹೇಳಬೇಕೆಂದರೆ, ರಾಗಿ ಕಿಲೋಗೆ 40ರ ಆಸುಪಾಸು. ಮೊಳಕೆಯ ಉಸಿರಾಟ, ಬೇರು, ಹೊಟ್ಟು ಎಲ್ಲ ಕಳೆದು 100 ಕಿಲೋಗೆ 80 ಚಿಲ್ಲರೆ ಸಿಗುತ್ತದೆ. ಬೇರು ತಿಕ್ಕಿ ಕೇರುವುದಕ್ಕೆ ಕೂಲಿ ಜಾಸ್ತಿ. ಬಿಟ್ಟರೆ ಕಹಿ. ಎಲ್ಲ ಸೇರಿ ಕಿಲೋಗೆ 100 ರೂಪಾಯಿ ಹತ್ತಿರ ಬೀಳುತ್ತದೆ, 220ಕ್ಕೆ ಮಾರುತ್ತೇನೆ. ಹಳೆ ರಾಗಿ ಅಗ್ಗಕ್ಕೆ ಸಿಗುತ್ತದೆ ಅಂತ ಮೂಟೆಗಟ್ಟಲೆ ತರಬೇಡಿ. 100 ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿ ನೋಡಿ. 90 ಆದರೂ ಮೊಳೆಯದಿದ್ದರೆ ಆ ರಾಗಿ ಮುದ್ದೆಗೆ ಇರಲಿ.